ಒಂಟಿ ಮನೆತನದ ಒಂಟೆ

ಐವತ್ತಮೂರು ವರ್ಷಗಳ ತನಕ ಶಿವಯೋಗೀಶ ಒಂಟಿಗೆ ತನ್ನ ಅಡ್ಡಹೆಸರಿನ ಬಗ್ಗೆ ಯಾವ ತಕರಾರೂ ಇರಲಿಲ್ಲ. ತಕರಾರು ಹುಟ್ಟಿದ್ದು ಕಂಸದಿಂದ. ಕೃಷ್ಣನ ಸೋದರಮಾವ ಕಂಸನಲ್ಲ, ಬರಹದಲ್ಲಿ ಅಕ್ಷರಗಳ ಎಡಕ್ಕೊಂದು ಬಲಕ್ಕೊಂದು ಬಾಗಿ ನಿಲ್ಲುತ್ತದಲ್ಲ, ಆ ಗೆರೆ. ಆದರೆ ಆ ಕಂಸನಿಗಿಂತ ಈ ಕಂಸ ಮಾಡಿದ ಅನಾಹುತವೇ ಹೆಚ್ಚು ಎಂದು ಶಿವಯೋಗೀಶ ಇಂದಿಗೂ ವಾದಿಸುತ್ತಾನೆ.

ಆದದ್ದಿಷ್ಟು. ಶಿವಯೋಗೀಶನ ಹೆಂಡತಿ ನಾಗರತ್ನಾಳ ತಮ್ಮ ಕುಮಾರಸ್ವಾಮಿ ಹಿರೇಗೌಡರ, ಧಾರವಾಡದ ಒಂದು ಕಾಲೇಜಿನಲ್ಲಿ ಇತಿಹಾಸ ಕಲಿಸುವವನು. ಸಪ್ತಾಪುರದಲ್ಲಿ ಹೊಸ ಮನೆ ಕಟ್ಟಿಸಿದ ಅವನು ಗೃಹಪ್ರವೇಶದ ದಿನ ಪಡಸಾಲೆಯ ಗೋಡೆಯ ಮೇಲೆ ತಮ್ಮ ಮನೆತನದ ವಂಶವೃಕ್ಷವನ್ನು ಅನಾವರಣ ಮಾಡಿದ. ಒಂಬತ್ತು ತಲೆಮಾರು, ಇನ್ನೂರ ಹದಿನೇಳು ಹೆಸರು, ಬಣ್ಣದಲ್ಲಿ ಅಚ್ಚಾಗಿ, ಗಾಜಿನ ಕಟ್ಟು ಹಾಕಿಸಿಕೊಂಡು ಬಂದಿದ್ದವು. ಮನೆಯ ಅಳಿಯಂದಿರಿಗೂ ಒಂದೊಂದು ಎಲೆ ಸಿಕ್ಕಿತ್ತು. ಅಚ್ಚು ಹಾಕಿದವನಿಗೆ ಪಾಟೀಲ, ಬೆಲ್ಲದ, ಅಂಗಡಿ ಇವೆಲ್ಲ ಅಡ್ಡಹೆಸರುಗಳೆಂದು ತಿಳಿದಿತ್ತು. ಒಂಟಿ ಮಾತ್ರ ಹೆಸರಲ್ಲ, ಆ ಮನುಷ್ಯನ ಪರಿಸ್ಥಿತಿ ಎಂದು ಅವನು ಭಾವಿಸಿ, ಎಚ್ಚರಿಕೆಯಿಂದ ಕಂಸದಲ್ಲಿ ಕೂಡಿಸಿದ್ದ: ಶಿವಯೋಗೀಶ (ಒಂಟಿ).

ಕುಮಾರಸ್ವಾಮಿಯ ಮಗಳು ಮಯೂರಿ ಮೈಕು ಹಿಡಿದು ಮರವನ್ನು ಬೇರಿನಿಂದ ತುದಿಯವರೆಗೆ ಓದುತ್ತಿದ್ದಳು. ಏಳನೆಯ ತಲೆಮಾರಿಗೆ ಬಂದಾಗ ಅವಳು ಸ್ಪಷ್ಟ ದನಿಯಲ್ಲಿ, "ನಾಗರತ್ನಾ ಅತ್ತಿ. ಅವರ ಯಜಮಾನ್ರು ಶಿವಯೋಗೀಶ ಮಾಮಾ, ಕಂಸದಾಗ ಒಂಟಿ," ಎಂದಳು. ಮುನ್ನೂರು ಜನ ನಕ್ಕರು. ಕಿವಿ ಮಂದವಾಗಿದ್ದ ಹಿರಿಯರೊಬ್ಬರು ಮಾತ್ರ ನಗದೆ, ಗಂಡ ಹೆಂಡತಿ ಬೇರೆಬೇರೆ ಇರಲಿಕ್ಕೆ ಯಾವಾಗ ಶುರು ಮಾಡಿದರು, ಹಿರಿಯರು ಕೂತು ಬಗೆಹರಿಸಬಹುದಿತ್ತಲ್ಲ ಎಂದು ನಾಗರತ್ನಾಳ ಕೈ ಹಿಡಿದು ಕಣ್ಣಲ್ಲಿ ನೀರು ತಂದುಕೊಂಡರು.

ನಕ್ಕವರ ಮೇಲೆ ಶಿವಯೋಗೀಶನಿಗೆ ಸಿಟ್ಟು ಬರಲಿಲ್ಲ. ಅತ್ತವರ ಮೇಲೆ ಬಂತು. ಎದ್ದು ನಿಂತು ಅಂಗಿ ಸರಿಪಡಿಸಿಕೊಂಡು ಹೇಳಿದ: "ಒಂಟಿ ಅಂದ್ರ ಒಬ್ಬಂಟಿ ಅಲ್ರಿ. ಒಂಟಿ ಅಂದ್ರ ಪ್ರಾಣಿ. ನಮ್ಮ ಹಿರ್ಯಾರು ಬಾದಶಾಹಿ ಫೌಜಿನ್ಯಾಗ ಒಂಟಿ ದಳದ ಸರದಾರರು."

ನಮ್ಮ ಸೀಮೆಯಲ್ಲಿ ಮಾತಿನ ಕೊನೆಯ ಎಕಾರ ಬಾಯಿಂದ ಹೊರಬೀಳುವಷ್ಟರಲ್ಲಿ ಇಕಾರವಾಗಿರುತ್ತದೆ. ಮನೆ ಮನಿಯಾಗುತ್ತದೆ, ಶಾಲೆ ಸಾಲಿಯಾಗುತ್ತದೆ, ಒಂಟೆ ಒಂಟಿಯಾಗುತ್ತದೆ. ಹೀಗಾಗಿ ಒಂಟಿ ಎಂದರೆ ಒಬ್ಬನೇ ಇರುವವನೂ ಹೌದು, ಮರುಭೂಮಿಯ ಪ್ರಾಣಿಯೂ ಹೌದು, ಹಿಂದಿನ ಗಂಡಸರು ಕಿವಿಗೆ ಹಾಕುತ್ತಿದ್ದ ಬಂಗಾರದ ಆಭರಣವೂ ಹೌದು. ಮೂರರಲ್ಲಿ ಯಾವುದನ್ನು ಹಿಡಿಯಬೇಕೆಂದು ಯೋಚಿಸಲು ಶಿವಯೋಗೀಶನಿಗೆ ಸಮಯವಿರಲಿಲ್ಲ. ಅವನು ಎಲ್ಲಕ್ಕಿಂತ ಎತ್ತರದ್ದನ್ನು ಹಿಡಿದ.

"ಮಾವಾರ, ದಾಖಲಿ ಐತೇನ್ರಿ?" ಎಂದು ಕುಮಾರಸ್ವಾಮಿ ಬಹಳ ಮೆತ್ತಗೆ ಕೇಳಿದ. ಇತಿಹಾಸದವರು ಹೀಗೆ ಮೆತ್ತಗೆ ಕೇಳುವುದನ್ನು ಎಲ್ಲಿ ಕಲಿಯುತ್ತಾರೋ ತಿಳಿಯದು.

ಇದೆ, ತೋರಿಸುತ್ತೇನೆ ಎಂದು ಶಿವಯೋಗೀಶ ಹೇಳಿಬಿಟ್ಟ. ಹುಬ್ಬಳ್ಳಿಗೆ ಮರಳುವಾಗ ಚಿಗರಿ ಬಸ್ಸು ಉಣಕಲ್ಲ ದಾಟಿತು. ನಾಗರತ್ನಾ ಕಿಟಕಿಯ ಹೊರಗೆ ನೋಡುತ್ತಲೇ, ಲಗ್ನವಾಗಿ ಇಪ್ಪತ್ತಾರು ವರ್ಷವಾದರೂ ಮನೆಯಲ್ಲಿ ಒಂದು ಒಂಟೆ ಇದ್ದ ಸುದ್ದಿಯನ್ನು ತನಗೆ ಯಾರೂ ಹೇಳಿರಲಿಲ್ಲವಲ್ಲ ಎಂದಳು.

ಇಲ್ಲಿ ಒಂದು ಮಾತು ಹೇಳಬೇಕು. ಶಿವಯೋಗೀಶ ಒಬ್ಬನೇ ಮಗ. ಅವನಪ್ಪನೂ ಒಬ್ಬನೇ ಮಗ. ಕಾಕಾ ಇಲ್ಲ, ದೊಡ್ಡಪ್ಪ ಇಲ್ಲ, ಅತ್ತೆ ಇಲ್ಲ. ಅವನ ಮದುವೆಯಲ್ಲಿ ಗಂಡಿನ ಕಡೆಯ ಪಂಕ್ತಿ ತುಂಬಲಿಲ್ಲವೆಂದು ಟೆಂಪೋ ಡ್ರೈವರನನ್ನೂ ಕ್ಲೀನರನನ್ನೂ ಕರೆದು ಪಟಕಾ ಸುತ್ತಿ ಕೂಡಿಸಿದ್ದರು. ಫೋಟೋದಲ್ಲಿ ಮದುಮಗನ ಬಲಕ್ಕೆ ಗಂಭೀರವಾಗಿ ನಿಂತವನು ಆ ಕ್ಲೀನರ್. ಮಗಳು ಆರತಿ ಹತ್ತು ವರ್ಷದವಳಾಗುವ ತನಕ ಅವನನ್ನು ಅಜ್ಜನ ತಮ್ಮನೆಂದೇ ತಿಳಿದಿದ್ದಳು. ಹಿರೇಗೌಡರ ಮನೆಯ ಕಾರ್ಯಗಳಿಗೆ ಹೋದಾಗಲೆಲ್ಲ ಶಿವಯೋಗೀಶ ಆ ಜನಜಂಗುಳಿಯನ್ನು ನೋಡಿ ಮನಸ್ಸಿನಲ್ಲೇ ಆಸೆಪಡುತ್ತಿದ್ದ. ಅವನಿಗೆ ನಿಜವಾಗಿ ಬೇಕಾಗಿದ್ದದ್ದು ಒಂಟೆಯಲ್ಲ, ನೆಂಟರು.

ಮರುದಿನ ಬೆಳಿಗ್ಗೆ ಅವನು ಕೆಲಸ ಶುರು ಮಾಡಿದ. ವಿದ್ಯಾನಗರದ ಒಂದು ಕಾಲೇಜಿನ ಕಚೇರಿಯಲ್ಲಿ ಸುಪರಿಂಟೆಂಡೆಂಟ್ ಆಗಿದ್ದವನಿಗೆ ಫೈಲು ತೆರೆಯುವುದು ಹೇಳಿಕೊಡಬೇಕಿಲ್ಲ. ಮತದಾರರ ಪಟ್ಟಿ, ಫೇಸ್‌ಬುಕ್, ಹಳೆಯ ಲಗ್ನಪತ್ರಿಕೆ ಎಲ್ಲ ಜಾಲಾಡಿ, ಗದಗ, ಬಾಗಲಕೋಟೆ, ಹಾವೇರಿ ಕಡೆಯ ಒಂಟಿ ಅಡ್ಡಹೆಸರಿನವರನ್ನೆಲ್ಲ ಹುಡುಕಿ ಒಂದು ವಾಟ್ಸಾಪ್ ಬಳಗ ಕಟ್ಟಿದ. ಮೊದಲ ಸಂದೇಶ ಹೀಗಿತ್ತು: 'ಸಮಸ್ತ ಒಂಟಿ ಬಾಂಧವರು ತಮ್ಮ ಅಜ್ಜ, ಮುತ್ತಜ್ಜರ ವಿವರಗಳನ್ನು ಏಳು ದಿನಗಳ ಒಳಗಾಗಿ ಸಲ್ಲಿಸತಕ್ಕದ್ದು. ತಪ್ಪಿದಲ್ಲಿ ಸದರಿಯವರಿಗೆ ಮುತ್ತಜ್ಜನಿಲ್ಲವೆಂದು ಭಾವಿಸಲಾಗುವುದು.'

ವಿವರಗಳು ಮಳೆಯಂತೆ ಬಂದವು. ಜೋಡಿಸುವುದು ಶಿವಯೋಗೀಶ ಅಂದುಕೊಂಡದ್ದಕ್ಕಿಂತ ಬಹಳ ಸುಲಭವಾಯಿತು. ನಮ್ಮಲ್ಲಿ ಮೊಮ್ಮಗನಿಗೆ ಅಜ್ಜನ ಹೆಸರಿಡುವ ರೂಢಿ. ಬಸಪ್ಪನ ಮಗ ನಿಂಗಪ್ಪ, ನಿಂಗಪ್ಪನ ಮಗ ಬಸಪ್ಪ, ಬಸಪ್ಪನ ಮಗ ಮತ್ತೆ ನಿಂಗಪ್ಪ. ಶಿವಯೋಗೀಶನ ಅಪ್ಪ ಬಸಪ್ಪ, ಅಜ್ಜ ನಿಂಗಪ್ಪ, ಮುತ್ತಜ್ಜ ಬಸಪ್ಪ. ಬಳಗದಲ್ಲಿ ಯಾರ ಪಟ್ಟಿ ಬಿಚ್ಚಿದರೂ ಮೂರನೆಯ ಸಾಲಿನಲ್ಲಿ ಒಬ್ಬ ಬಸಪ್ಪ ಸಿದ್ಧವಾಗಿ ನಿಂತಿರುತ್ತಿದ್ದ. ಶಿವಯೋಗೀಶ ಅವನನ್ನು ತನ್ನ ಬಸಪ್ಪನಿಗೆ ಕಟ್ಟಿಹಾಕುತ್ತಿದ್ದ. ಎರಡು ವಾರಗಳಲ್ಲಿ ಮರ ಹಿರೇಗೌಡರದಕ್ಕಿಂತ ಅಗಲವಾಯಿತು. ಯಾವ ಬಾದಶಹನ ಫೌಜು ಎಂದು ಯಾರಾದರೂ ಕೇಳಿದರೆ, ಕೇಳಿದವರ ಊರು ಯಾವುದೆಂದು ನೋಡಿ, ಅದಕ್ಕೆ ಹತ್ತಿರದ ಬಾದಶಹನನ್ನು ಹೇಳುತ್ತಿದ್ದ.

ದಾಖಲೆ ಮಾತ್ರ ಬೇಕಾಗಿತ್ತು. ಅದಕ್ಕಾಗಿ ಒಂದು ದಿನ ರಜೆ ಹಾಕಿ ಸರ್ಕಾರಿ ಕಚೇರಿಯೊಂದರ ದಾಖಲೆ ವಿಭಾಗಕ್ಕೆ ಹೋದ. ಅಲ್ಲಿ ಹುಸ್ನಾ ಎಂಬ ಗುಮಾಸ್ತೆ, ತಾಳ್ಮೆಯ ಹೆಣ್ಣುಮಗಳು, ವಂಶಾವಳಿ ಬೇಕೆಂದ ಕೂಡಲೇ ಪೆನ್ನು ತೆಗೆದು ಹೊಲ ಎಷ್ಟು ಎಕರೆ ಎಂದಳು.

"ಹೊಲ ಇಲ್ರಿ."

"ಮತ್ತ ತಕರಾರು ಯಾರ ಸಂಗಡ?"

"ಯಾರ ಸಂಗಡಾನೂ ಇಲ್ರಿ. ನನಗ ಮುತ್ತಜ್ಜ ಬೇಕಾಗಿತ್ತು."

ಹುಸ್ನಾ ಪೆನ್ನು ಕೆಳಗಿಟ್ಟಳು. ಹದಿನೆಂಟು ವರ್ಷದ ನೌಕರಿಯಲ್ಲಿ ಹೊಲವಿಲ್ಲದೆ ಮುತ್ತಜ್ಜನನ್ನು ಕೇಳಿಕೊಂಡು ಬಂದವರನ್ನು ಅವಳು ಕಂಡಿರಲಿಲ್ಲ. ಪಕ್ಕದ ಕೋಣೆಯ ಇಬ್ಬರನ್ನು ಕರೆದು ತೋರಿಸಿದಳು. ಅವರೂ ನೋಡಿ, ಚಹಾ ತರಿಸಿ ಕೊಟ್ಟು, ಏನೂ ಇಲ್ಲದಿದ್ದರೆ ಇಷ್ಟು ದೂರ ಯಾಕೆ ಬರುತ್ತೀರಿ, ಖರೇ ಹೇಳಿರಿ, ಇನಾಮು ಜಮೀನಿನ ಸುದ್ದಿಯೇ ಎಂದು ಕೇಳಿದರು. ಅಲ್ಲಲ್ಲ ಎಂದು ಶಿವಯೋಗೀಶ ಎಷ್ಟು ಗಟ್ಟಿಯಾಗಿ ಹೇಳಿದನೋ, ಸಾಲಿನಲ್ಲಿ ನಿಂತಿದ್ದವರಿಗೆ ಅಷ್ಟೇ ಗಟ್ಟಿಯಾಗಿ ಹೌದೆನಿಸಿತು. ಅವರಲ್ಲಿ ಒಬ್ಬ ಬಳಗದ ಸದಸ್ಯನೂ ಇದ್ದದ್ದು ಶಿವಯೋಗೀಶನ ದುರ್ದೈವ.

ಅವನು ಮನೆ ಮುಟ್ಟುವಷ್ಟರಲ್ಲಿ ಸುದ್ದಿ ಅವನಿಗಿಂತ ಮೊದಲೇ ಮುಟ್ಟಿತ್ತು. ಬಾದಶಹ ಒಂಟಿ ಸರದಾರರಿಗೆ ಕೊಟ್ಟ ಇನಾಮು ಹೊಲ ಪತ್ತೆಯಾಗಿದೆಯಂತೆ, ವಾರಸುದಾರರ ಪಟ್ಟಿ ಮಾಡುತ್ತಿದ್ದಾರಂತೆ. ನೂರರ ಒಳಗಿದ್ದ ಬಳಗ ಮೂರು ದಿನಗಳಲ್ಲಿ ಇನ್ನೂರೈವತ್ತು ದಾಟಿತು. ಒಂಟಿ ಅಡ್ಡಹೆಸರಿನವರಷ್ಟೇ ಅಲ್ಲ, ಒಂಟಿಗೋಡಿ, ಒಂಟಿಬಾವಿ ಎಂಬವರೂ ಬಂದರು. ಕುದರಿ ಎಂಬ ಅಡ್ಡಹೆಸರಿನವರೊಬ್ಬರು, ಪ್ರಾಣಿ ಯಾವುದಾದರೂ ಫೌಜು ಒಂದೇ ಅಲ್ಲವೇ ಎಂದು ಅರ್ಜಿ ಹಾಕಿದರು. ಕೊನೆಗೆ ಶಿವಯೋಗೀಶ, ಒಂದು ಗುಂಟೆ ಜಾಗವೂ ಇಲ್ಲ ಎಂದು ಲಿಖಿತ ಸ್ಪಷ್ಟೀಕರಣ ಹೊರಡಿಸಿದ. ಒಂದೇ ಸಂಜೆ ನೂರೈವತ್ತಕ್ಕೂ ಹೆಚ್ಚು ನೆಂಟರು ಬಳಗ ಬಿಟ್ಟು ಹೋದರು.

ಉಳಿದವರು ತೊಂಬತ್ತಾರು ಜನ. ಹೊಲವಿಲ್ಲವೆಂದು ತಿಳಿದೂ ಉಳಿದವರು. ಶಿವಯೋಗೀಶ ಆ ಹೆಸರುಗಳನ್ನು ಒಂದೊಂದಾಗಿ ಓದಿದ. ಅವನಿಗೆ ತುಂಬ ಸಂತೋಷವಾಯಿತು.

ಸಂತೋಷ ಮನೆಗೂ ಬಂತು. ಹುಬ್ಬಳ್ಳಿಯಲ್ಲಿ ನೆಂಟರಿದ್ದಾರೆಂದು ತಿಳಿದ ಮೇಲೆ ಸುತ್ತಲ ಜಿಲ್ಲೆಯವರಿಗೆ ಇಲ್ಲಿನ ಆಸ್ಪತ್ರೆಗಳ ನೆನಪಾಗದೆ ಇರುತ್ತದೆಯೇ. ಮೊಣಕಾಲಿನವರು ಬಂದರು, ಕಿಡ್ನಿಯಲ್ಲಿ ಹರಳಾದವರು ಬಂದರು. ಕೇಶ್ವಾಪುರದ ಆ ಎರಡು ಕೋಣೆಯ ಮನೆಯಲ್ಲಿ ರೊಟ್ಟಿ ಬಡಿಯುವ ಸದ್ದು ನಿಲ್ಲದಾಯಿತು. ಸರದಾರರ ವಂಶ ಇಷ್ಟು ಉಣ್ಣುತ್ತದೆಂದು ಗೊತ್ತಿದ್ದರೆ ತನ್ನ ಅಪ್ಪ ಈ ಮನೆಗೆ ಹೆಣ್ಣು ಕೊಡುತ್ತಿರಲಿಲ್ಲ ಎಂದು ನಾಗರತ್ನಾ ಪ್ರತಿ ದಿನ ಹೇಳುತ್ತಿದ್ದಳು, ಪ್ರತಿ ದಿನ ಇನ್ನೆರಡು ರೊಟ್ಟಿ ಹೆಚ್ಚಿಗೆ ಬಡಿಯುತ್ತಿದ್ದಳು.

ಹೀಗೆ ಬಂದವಳು ಮುದಕವ್ವ. ಇಳಕಲ್ಲ ಕಡೆಯ ಹಳ್ಳಿಯವಳು, ಒಂಟಿ ಮನೆತನದಲ್ಲಿ ಹುಟ್ಟಿದವಳು, ಎಪ್ಪತ್ತರ ಮೇಲಿನ ವಯಸ್ಸು. ಕಣ್ಣಿನ ಪೊರೆ ತೆಗೆಸಿಕೊಳ್ಳಲು ಬಂದು ಹನ್ನೊಂದು ದಿನ ಇದ್ದಳು. ಅವಳ ಅಪ್ಪನ ಹೆಸರು ನಿಂಗಪ್ಪ, ಅಜ್ಜನ ಹೆಸರು ಬಸಪ್ಪ. ಶಿವಯೋಗೀಶನ ಅಜ್ಜನೂ ಬಸಪ್ಪನ ಮಗ ನಿಂಗಪ್ಪನೇ. ಒಬ್ಬ ಅಪ್ಪ ತನ್ನ ಇಬ್ಬರು ಮಕ್ಕಳಿಗೂ ನಿಂಗಪ್ಪನೆಂದು ಹೆಸರಿಡುತ್ತಾನೆಯೇ ಎಂದು ಬೇರೆಯವರಾದರೆ ನಿಂತು ಯೋಚಿಸುತ್ತಿದ್ದರು. ಶಿವಯೋಗೀಶ ಒಬ್ಬನನ್ನು ಹಿರೇ ನಿಂಗಪ್ಪ, ಇನ್ನೊಬ್ಬನನ್ನು ಸಣ್ಣ ನಿಂಗಪ್ಪ ಎಂದು ಬರೆದುಕೊಂಡು ಮುಂದೆ ಹೋದ. ಆ ಲೆಕ್ಕದಲ್ಲಿ ಮುದಕವ್ವ ಅವನಿಗೆ ಸೋದರತ್ತೆಯಾದಳು. ಹುಟ್ಟಿದಾಗಿನಿಂದ ಯಾರನ್ನೂ ಅತ್ತೆ ಎಂದು ಕರೆದು ಗೊತ್ತಿಲ್ಲದವನು ದಿನಕ್ಕೆ ನಲವತ್ತು ಸಲ ಕರೆಯತೊಡಗಿದ.

ಮುದಕವ್ವನಿಗಿದ್ದ ಒಬ್ಬ ಅಣ್ಣ ಮಕ್ಕಳಿಲ್ಲದೆ ತೀರಿಹೋಗಿ ನಲವತ್ತು ವರ್ಷವಾಗಿತ್ತು. ಅಂದಿನಿಂದ ನಾಗರಪಂಚಮಿಗೆ ಅವಳನ್ನು ತವರಿಗೆ ಕರೆಯಲು ಯಾರೂ ಬಂದಿರಲಿಲ್ಲ. ಉತ್ತರ ಕರ್ನಾಟಕದ ಹೆಣ್ಣುಮಗಳಿಗೆ ಇದರ ಅರ್ಥವೇನೆಂದು ಬಿಡಿಸಿ ಹೇಳಬೇಕಾಗಿಲ್ಲ. ಓಣಿಯ ಹೆಂಗಸರೆಲ್ಲ ಹಬ್ಬದ ಸಿಹಿ ಉಂಡಿ ಕಟ್ಟಿದ ಗಂಟು ಹಿಡಿದು ತವರಿನಿಂದ ಮರಳುವಾಗ ಮುದಕವ್ವ ಬಾಗಿಲು ಮುಂದೆ ಮಾಡಿಕೊಂಡು ಒಳಗೆ ಕೂಡುತ್ತಿದ್ದಳಂತೆ. ಕಣ್ಣಿನ ಪಟ್ಟಿ ಬಿಚ್ಚಿದ ದಿನ ಇದನ್ನು ಅವಳು ನಾಗರತ್ನಾಳ ಮುಂದೆ ಹೇಳುತ್ತಿರುವಾಗ ಶಿವಯೋಗೀಶ, ಈ ಸಲ ಪಂಚಮಿಗೆ ಕರೆಯಲು ತಾನೇ ಬರುತ್ತೇನೆ ಎಂದ.

"ಖರೇ ಬರ್ತಿ ಏನ ತಮ್ಮಾ?" ಎಂದು ಮುದಕವ್ವ ಕೇಳಿದಳು. ಹೊಸ ಕಣ್ಣಿನಿಂದ ಅವನನ್ನು ಬಹಳ ಹೊತ್ತು ನೋಡಿದಳು.

ಶಿವಯೋಗೀಶ ಮಾತು ಉಳಿಸಿಕೊಂಡ. ಪಂಚಮಿಗೆ ವಾರವಿರುವಾಗ ಹೋಗಿ ಕರೆತಂದ. ಅವಳು ತನ್ನ ಊರಿನಲ್ಲಿ ಬಸ್ಸು ಹತ್ತುವ ಮುಂಚೆ ಮೂರು ಓಣಿ ಸುತ್ತಿ, ತವರಿನವರು ಕರೆಯಲು ಬಂದಿದ್ದಾರೆಂದು ಮನೆಮನೆಗೆ ಹೇಳಿ ಬಂದಳು. ಶಿವಯೋಗೀಶ ಕೈಚೀಲ ಹಿಡಿದು ಅವಳ ಹಿಂದೆ ಹಿಂದೆ ನಡೆದು, ಎಲ್ಲ ಮನೆಗಳಲ್ಲೂ ಚಹಾ ಕುಡಿದ.

ಅದೇ ವಾರದ ಭಾನುವಾರ ಒಂಟಿ ಮನೆತನದ ಸಮಾವೇಶವಿತ್ತು. ಅದನ್ನು ಹಟ ಹಿಡಿದು ಗೊತ್ತು ಮಾಡಿದವನು ರೋಣದ ಕಡೆಯ ಮೈಲಾರಲಿಂಗಪ್ಪ ಒಂಟಿ, ದೊಡ್ಡ ಮೀಸೆಯ, ದೊಡ್ಡ ದನಿಯ ಆಸಾಮಿ. ಶಿವಯೋಗೀಶನ ಮನೆಯ ಪಕ್ಕದ ಖಾಲಿ ಜಾಗದಲ್ಲಿ ನೆರೆಮನೆಯ ಜುಲ್ಫಿಕಾರ ಶಾಮಿಯಾನ ಹಾಕಿಕೊಟ್ಟ. ಶಾಮಿಯಾನ ಅವನ ದಂಧೆ. ಇದು ಒಂಟೆಯವರ ಕಾರ್ಯಕ್ರಮ ಎಂದು ಕೇಳಿ ತಿಳಿದುಕೊಂಡಿದ್ದ ಅವನು, ನೆರೆಯವರಿಗೆ ಖುಷಿಯಾಗಲೆಂದು ಯಾರಿಗೂ ಹೇಳದೆ ತನ್ನ ಗೆಳೆಯ ಅಸ್ಫಾಕನಿಂದ ನಿಜವಾದ ಒಂಟೆಯನ್ನೇ ತರಿಸಿದ. ಜಾತ್ರೆ, ಪ್ರದರ್ಶನಗಳಲ್ಲಿ ಮಕ್ಕಳನ್ನು ಹೊತ್ತು ತಿರುಗುವ ಒಂಟೆ ಅದು. ಬೆನ್ನಿಗೆ ಕನ್ನಡಿ ಹೊಲಿದ ಜೂಲು, ಕಾಲಿಗೆ ಗೆಜ್ಜೆ.

ಮೈಲಾರಲಿಂಗಪ್ಪ ಅದನ್ನು ಕಂಡು ಭಾವುಕನಾಗಿ ಎರಡೂ ಕೈ ಮುಗಿದ. ಒಂಟೆ ಅವನನ್ನು ಬಿಟ್ಟು ಬಾಗಿಲಿನ ತೋರಣದ ಕಡೆ ನೋಡಿತು. ಮಾವಿನೆಲೆಯನ್ನೆಲ್ಲ ತಿಂದು, ಬಾಳೆಯ ಕಂಬವನ್ನು ಅರ್ಧ ತಿಂದು, ತೃಪ್ತಿಯಿಂದ ಶಾಮಿಯಾನದ ಬಾಯಿಗೆ ಅಡ್ಡವಾಗಿ ಓಣಿಯಲ್ಲೇ ಮಲಗಿಬಿಟ್ಟಿತು. ಅಸ್ಫಾಕ ಬೇಡಿಕೊಂಡ, ಬೈದ, ಬೆಲ್ಲ ತೋರಿಸಿದ. ಅದು ಬೆಲ್ಲ ತಿಂದು ಕಣ್ಣು ಮುಚ್ಚಿತು. ಓಣಿಯ ಎರಡೂ ಬದಿ ಗಾಡಿಗಳು ನಿಂತವು.

ಸ್ವಲ್ಪ ಹೊತ್ತಿನಲ್ಲಿ ಒಬ್ಬ ಪೊಲೀಸ್ ಪೇದೆ ಬಂದ. ಗದ್ದಲದಲ್ಲಿ ಅವನ ಮಾತು ಯಾರಿಗೂ ಕೇಳಿಸದಿದ್ದಾಗ ಒಂಟೆಯನ್ನು ದಾಟಿ ಒಳಗೆ ಬಂದು ಮೈಕು ಇಸಿದುಕೊಂಡು, "ಒಂಟಿ ಯಾರದೈತಿ, ಮೊದಲ ಒಂಟಿ ಇಲ್ಲಿಂದ ಎದ್ದು ಹೋಗ್ಬೇಕು," ಎಂದ.

ಆಗ ತಾನೇ ಹೋಳಿಗೆ ಬಡಿಸಿದ್ದರು. ಎಂಬತ್ತು ಜನ ಒಂಟಿಗಳು ಎಲೆಯಿಂದ ಮುಖವೆತ್ತಿದರು. ಊಟಕ್ಕೆ ಕರೆದು ಎಬ್ಬಿಸುವ ಪದ್ಧತಿ ಯಾವ ಊರಿನದು ಎಂದು ಮೈಲಾರಲಿಂಗಪ್ಪ ಮೀಸೆ ಹಿಡಿದು ಎದ್ದ. ಅವನ ಹಿಂದೆ ಅವನ ಸಾಲಿನವರೂ ಎದ್ದರು. ಪೇದೆ ತಾನು ಹೇಳುತ್ತಿರುವುದು ಹೊರಗಿನ ಒಂಟಿಗೆ ಎಂದ. ನಾವೆಲ್ಲ ಹೊರಗಿನ ಊರಿನವರೇ, ಅದಕ್ಕೇನೀಗ ಎಂದು ಇಳಕಲ್ಲ ಕಡೆಯವರು ಕೇಳಿದರು. ನಾಲ್ಕು ಕಾಲಿನ ಒಂಟಿ ಎಂದು ಬಿಡಿಸಿ ಹೇಳುವ ತನಕ ಹೋಳಿಗೆ ಆರಿತು. ಕಡೆಗೆ ಪೇದೆಯನ್ನೂ ಕೂಡಿಸಿ ಬಡಿಸಿದರು. ಒಂಟೆ ತಾನಾಗಿ ಏಳುವ ತನಕ ಗಾಡಿಗಳು ಹಿಂದಿನ ರಸ್ತೆಯಲ್ಲಿ ಹೋಗಲಿ ಎಂದು ಅವನು ಎರಡನೆಯ ಹೋಳಿಗೆಗೆ ತುಪ್ಪ ಹಾಕಿಸಿಕೊಳ್ಳುತ್ತ ಆದೇಶ ಮಾಡಿದ.

ಆ ಹೊತ್ತಿಗೆ ಒಂಟೆಯ ಆಚೆ ಒಂದು ಮೋಟರ್‌ಸೈಕಲ್ ಬಂದು ನಿಂತು ಹಾರ್ನು ಬಾರಿಸಿತು. ಕುಮಾರಸ್ವಾಮಿ ಹಿಂದೆ ಕೂತಿದ್ದ, ಮುಂದೆ ಪಟಕಾ ಸುತ್ತಿದ ಯಮನಪ್ಪ ಹೆಳವರ ಇದ್ದ. ಹೆಳವರೆಂದರೆ ಮನೆತನಗಳ ವಂಶಾವಳಿಯನ್ನು ತಲೆತಲಾಂತರದಿಂದ ಬರೆದಿಟ್ಟವರು. ಕೆಲವು ವರ್ಷಕ್ಕೊಮ್ಮೆ ಮನೆಗೆ ಬಂದು, ಹಿರಿಯರ ಹೆಸರು ಓದಿ ಹೇಳಿ, ಹೊಸದಾಗಿ ಹುಟ್ಟಿದವರನ್ನು ಬರೆದುಕೊಂಡು, ಕಾಳುಕಡಿ ಇಸಿದುಕೊಂಡು ಹೋಗುವವರು. ಯಮನಪ್ಪನ ಅಜ್ಜ ಎತ್ತಿನ ಮೇಲೆ ಬರುತ್ತಿದ್ದನಂತೆ. ದಾಖಲೆಗಾಗಿ ಪರದಾಡುತ್ತಿದ್ದ ಮಾವನಿಗೆ ಉಡುಗೊರೆ ಎಂದು ಕುಮಾರಸ್ವಾಮಿ ಅವನನ್ನು ಹುಡುಕಿ ತಂದಿದ್ದ. ಕುಮಾರಸ್ವಾಮಿಯ ಮುಖದಲ್ಲಿದ್ದ ನಗು ಮಾತ್ರ ಉಡುಗೊರೆ ತಂದವರ ನಗುವಿನ ಹಾಗಿರಲಿಲ್ಲ.

ಯಮನಪ್ಪ ಚೀಲವನ್ನು ತಲೆಯ ಮೇಲಿಟ್ಟುಕೊಂಡು ಒಂಟೆಯನ್ನು ದಾಟಿ ಬಂದ. ಶಿವಯೋಗೀಶನ ಅಪ್ಪ ಇದ್ದಾಗ ತಾನು ಒಮ್ಮೆ ಹಳ್ಳಿಯ ಮನೆಗೆ ಬಂದು ಜೋಳ ಇಸಿದುಕೊಂಡು ಹೋಗಿದ್ದಾಗಿಯೂ, ಹುಬ್ಬಳ್ಳಿಗೆ ಬಂದ ಮೇಲೆ ವಿಳಾಸ ತಪ್ಪಿತೆಂದೂ ಹೇಳಿದ. ಕಂಬಳಿ ಹಾಸಿ ಕೂಡಿಸಿದರು. ಕೆಂಪು ಬಟ್ಟೆಯ ಗಂಟು ಬಿಚ್ಚಿ ಉದ್ದನೆಯ ಪುಸ್ತಕ ತೆಗೆದು ಹಣೆಗೆ ಒತ್ತಿಕೊಂಡ.

"ಒಂಟಿ ಮನೆತನ," ಎಂದು ಅವನು ರಾಗವಾಗಿ ಶುರು ಮಾಡಿದ. "ಮೂಲಪುರುಷ ನಿಂಗ. ಅಪ್ಪನ ಹೆಸರು ಗೊತ್ತಿಲ್ಲ, ಊರು ಗೊತ್ತಿಲ್ಲ. ದೊಡ್ಡ ಬರ ಬಿದ್ದಾಗ ಆರೇಳು ವರ್ಷದ ಕೂಸು, ಒಬ್ಬನ ನಡಕೋತ ಊರಿಗೆ ಬಂದ. ಯಾರ ಮಗಾ ಅಂತ ಕೇಳಿದ್ರ ಹೇಳಾಕ ಬರಲಿಲ್ಲ. ಊರವರು ಒಂಟಿ ಅಂತ ಕರದ್ರು. ನಿಂಗಗ ಒಬ್ಬನ ಮಗ ಬಸಪ್ಪ. ಬಸಪ್ಪಗ ಒಬ್ಬನ ಮಗ ನಿಂಗಪ್ಪ. ನಿಂಗಪ್ಪಗ ಒಬ್ಬನ ಮಗ ಬಸಪ್ಪ. ಬಸಪ್ಪಗ ಒಬ್ಬನ ಮಗ ಶಿವಯೋಗೀಶ."

ಪುಸ್ತಕ ಮುಚ್ಚಿದ. ಒಂದು ನಿಮಿಷವೂ ಹಿಡಿದಿರಲಿಲ್ಲ. ಹಿರೇಗೌಡರ ಮರ ಓದಲು ಮೈಕಿನಲ್ಲಿ ಎರಡು ತಾಸು ಬೇಕಾಗಿತ್ತು.

ಒಂಟೆ ಎಲ್ಲಿ ಎಂದು ಮೈಲಾರಲಿಂಗಪ್ಪ ಕೇಳಿದ. ಪ್ರಾಣಿಯ ಸುದ್ದಿ ಈ ಪುಸ್ತಕದಲ್ಲಿಲ್ಲ ಎಂದು ಯಮನಪ್ಪ ವಿನಯದಿಂದ ಹೇಳಿದ. ರೋಣದ ಒಂಟಿಯವರದು ಬೇರೆ ಪುಸ್ತಕ, ಅವರ ಮುತ್ತಜ್ಜ ಕುಸ್ತಿಯಲ್ಲಿ ಗೆದ್ದು ಕಿವಿಗೆ ಬಂಗಾರದ ಒಂಟಿ ಹಾಕಿಸಿಕೊಂಡವನು. ಹೀಗೆಂದು ಕೇಳಿದ ಕೂಡಲೇ ಮೈಲಾರಲಿಂಗಪ್ಪನಿಗೆ ಒಂಟೆಯ ಮೇಲಿನ ಪ್ರೀತಿ ಹೊರಟುಹೋಯಿತು. ಅವನು ತನ್ನ ಕಿವಿಯನ್ನು ಮುಟ್ಟಿ ಮುಟ್ಟಿ ನೋಡಿಕೊಳ್ಳುತ್ತ ಕೂತ.

ಕುಮಾರಸ್ವಾಮಿ ಮೆತ್ತಗೆ ಕೇಳಿದ, ಸಣ್ಣ ನಿಂಗಪ್ಪ ಅಂತ ಒಬ್ಬರಿದ್ದರಲ್ಲ, ಇಳಕಲ್ಲ ಕಡೆಯವರು, ಅವರ ಹೆಸರು ಎಲ್ಲಿದೆ ಎಂದು. ಅಂಥವರು ಯಾರೂ ಇಲ್ಲ, ನಿಂಗಪ್ಪನಿಗೆ ಅಣ್ಣತಮ್ಮಂದಿರೇ ಇರಲಿಲ್ಲ, ಇಳಕಲ್ಲ ಕಡೆಯ ಒಂಟಿಯವರಿಗೂ ಈ ಮನೆಗೂ ಸಂಬಂಧವಿಲ್ಲ ಎಂದ ಯಮನಪ್ಪ.

ಶಿವಯೋಗೀಶನ ಮುಖ ಕಪ್ಪಿಟ್ಟಿತು. ಒಂಟೆ ಹೋದದ್ದಕ್ಕಲ್ಲ. ಶಾಮಿಯಾನದ ಮೂಲೆಯಲ್ಲಿ ಉಂಡಿಯ ಬುಟ್ಟಿಯ ಮುಂದೆ ಕೂತಿದ್ದ ಮುದಕವ್ವನ ಕಡೆ ನೋಡಲು ಅವನಿಗೆ ಧೈರ್ಯವಾಗಲಿಲ್ಲ. ತವರಿದೆ ಎಂದು ಮೂರು ಓಣಿಗೆ ಹೇಳಿ ಬಂದವಳನ್ನು ತಾನೇ ಕರೆತಂದು, ಎಂಬತ್ತು ಜನರ ಎದುರಿಗೆ ತವರಿಲ್ಲ ಎಂದು ಹೇಳಿಸಿದಂತಾಯಿತಲ್ಲ ಎಂದು ಅವನಿಗೆ ಎಲ್ಲಿಲ್ಲದ ಸಂಕಟವಾಯಿತು.

ಮುದಕವ್ವ ಎದ್ದಳು. ಕೈಗೆ ಹತ್ತಿದ್ದ ಬೆಲ್ಲವನ್ನು ಸೆರಗಿಗೆ ಒರೆಸಿಕೊಳ್ಳುತ್ತ ನಡೆದು ಬಂದು ಹೆಳವನ ಎದುರಿಗೆ ಕೂತಳು.

"ಯಮನಪ್ಪಾ, ಆ ಪುಸ್ತಕದಾಗ ಹೆಣ್ಣಮಕ್ಕಳ ಹೆಸರು ಅದಾವೇನು?"

"ಇಲ್ಲ ಯವ್ವಾ. ಹೆಣ್ಣಮಕ್ಕಳನ ಬರಿಯೂ ರೂಢಿ ಇಲ್ಲ. ಕೊಟ್ಟ ಮನಿಗೆ ಹೋಗ್ತಾರಲ್ಲ."

"ಹಂಗಾದ್ರ ಆ ನಿಂಗಗ ಹೆಣ್ಣಮಕ್ಕಳು ಇದ್ರೋ ಇಲ್ಲೋ?"

"ಗೊತ್ತಿಲ್ಲ ಯವ್ವಾ."

"ಬಸಪ್ಪಗ?"

"ಅದೂ ಗೊತ್ತಿಲ್ಲ."

"ಒಬ್ಬ ಹೆಣ್ಣಮಗಳ ಹೆಸರೂ ಬರದಿಲ್ಲ. ಮತ್ತ ನಾ ಈ ಮನಿ ಮಗಳಲ್ಲ ಅಂತ ಯಾವ ಪುಸ್ತಕ ನೋಡಿ ಹೇಳ್ತಿ?"

ಯಮನಪ್ಪ ಪುಸ್ತಕ ನೋಡಿದ, ಮುದಕವ್ವನನ್ನು ನೋಡಿದ, ಪಟಕಾ ತೆಗೆದು ತಲೆ ಕೆರೆದುಕೊಂಡ. ಅವನ ವಂಶದ ಏಳು ತಲೆಮಾರಿನ ಹೆಳವರಿಗೆ ಯಾರೂ ಈ ಪ್ರಶ್ನೆ ಹಾಕಿರಲಿಲ್ಲ. ಕುಮಾರಸ್ವಾಮಿ ಈ ವಾದದಲ್ಲೊಂದು ದೊಡ್ಡ ತೂತಿದೆ, ಮುದಕವ್ವನ ಅಪ್ಪನ ಕಡೆಯಿಂದ ನೋಡಿದರೆ ಎಂದು ಶುರು ಮಾಡಿದ. ಅಷ್ಟರಲ್ಲಿ ಪಂಕ್ತಿಯಲ್ಲಿದ್ದ ಹೆಂಗಸರೆಲ್ಲ ಅವನ ಕಡೆ ತಿರುಗಿದರು. ಅವರಲ್ಲಿ ಅತ್ತೆಗೆ ನೆರವಾಗಲು ಬೆಳಿಗ್ಗೆಯೇ ಬಂದಿದ್ದ ಅವನ ಸ್ವಂತ ಮಗಳು ಮಯೂರಿಯೂ ಇದ್ದಳು. ಕುಮಾರಸ್ವಾಮಿ ತೂತನ್ನು ಅಲ್ಲಿಗೇ ಬಿಟ್ಟು, ನೀರು ಕುಡಿದು ಬರುತ್ತೇನೆಂದು ಎದ್ದು ಹೋದ. ಇತಿಹಾಸ ಬಲ್ಲವರಿಗೆ ಎಲ್ಲಿ ಸುಮ್ಮನಾಗಬೇಕೆಂಬುದೂ ತಿಳಿದಿರುತ್ತದೆ.

"ನನ್ನ ಹೆಸರು ಬರಿ," ಎಂದಳು ಮುದಕವ್ವ.

ಬರೆಯಬೇಕೆಂದರೆ ಮನೆಯ ಯಜಮಾನರು ಹೇಳಬೇಕು ಎಂದು ಯಮನಪ್ಪ ಶಿವಯೋಗೀಶನ ಕಡೆ ನೋಡಿದ. ಮೂರು ತಿಂಗಳು ಬಾದಶಹರ ಹೆಸರುಗಳನ್ನೇ ನೀರು ಕುಡಿದಂತೆ ಹೇಳಿದವನು ಈಗ ಮುದಕವ್ವನ ಪಕ್ಕಕ್ಕೆ ಬಂದು ಕೂತ. "ಬರ್ಕೋರಿ," ಎಂದ. "ನಮ್ಮ ಅತ್ತಿ."

ಯಮನಪ್ಪ ಪುಸ್ತಕವನ್ನು ಮತ್ತೆ ಬಿಚ್ಚಿ, ಜೇಬಿನಿಂದ ಪೆನ್ನು ತೆಗೆದು, ನಿಂಗಪ್ಪನ ಹೆಸರಿನ ಕೆಳಗಿನ ಖಾಲಿ ಜಾಗದಲ್ಲಿ ಮುದಕವ್ವ ಎಂದು ದೊಡ್ಡಕ್ಷರದಲ್ಲಿ ಬರೆದ. ಆಮೇಲೆ ತಲೆಯೆತ್ತಿ, ತವರು ಯಾವೂರೆಂದು ಬರೆಯಲಿ ಎಂದು ಕೇಳಿದ.

ಅಷ್ಟೊತ್ತು ಒಬ್ಬ ವಕೀಲನಂತೆ ಮಾತಾಡಿದ ಮುದಕವ್ವ ಶಿವಯೋಗೀಶನ ಕಡೆ ನೋಡಿದಳು. ಶಿವಯೋಗೀಶ ಆಗಲೇ ಕಣ್ಣೊರೆಸಿಕೊಳ್ಳುವ ಕೆಲಸದಲ್ಲಿದ್ದ.

ಹೋಳಿಗೆಯ ಪಾತ್ರೆ ಹಿಡಿದು ಪಂಕ್ತಿಯ ನಡುವೆ ನಿಂತಿದ್ದ ನಾಗರತ್ನಾ ಅಲ್ಲಿಂದಲೇ ಹೇಳಿದಳು: "ಕೇಶ್ವಾಪುರ ಅಂತ ಬರೀರಿ. ನೀರಿನ ಟಾಕಿ ಹಿಂದ ಮೂರನೇ ಮನಿ ಅಂತನೂ ಬರೀರಿ, ಮತ್ತ ವಿಳಾಸ ತಪ್ಪಬಾರದು."

ಯಮನಪ್ಪ ಅದನ್ನೂ ಬರೆದುಕೊಂಡ.